ನಗುವಿಗೂ ಓಟಿಗೂ ಏನು ನಂಟು? ಹಾಸ್ಯ ಮತ್ತು ರಾಜಕೀಯ ಒಲವು: ಒಂದು ಅಧ್ಯಯನ ಟಿಪ್ಪಣಿ

ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರ, ಪತ್ರಿಕೋದ್ಯಮ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಇಂಗ್ಲಿಷ್ ಪುಸ್ತಕಗಳಲ್ಲಿ ಈ ವಿಷಯ ಸಾಮಾನ್ಯವಾಗಿ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ: ಹಾಸ್ಯಗಾರರು ಎಡಕ್ಕೇ ಯಾಕೆ ವಾಲುತ್ತಾರೆ? ಅಮೆರಿಕದ ಮಟ್ಟಿಗೆ ಅದು ಕೇಳಬೇಕಾದ ಪ್ರಶ್ನೆಯೇ. ದಾವಣಗೆರೆಗೆ ತಂದು ನಿಲ್ಲಿಸಿದರೆ ಮಾತ್ರ ಕುಂಟುತ್ತದೆ. ಇಲ್ಲಿ ಎಡ–ಬಲಕ್ಕಿಂತ ಮೇಲೆ–ಕೆಳಗೆ (ಅಧಿಕಾರ ಇದ್ದವರು, ಇಲ್ಲದವರು) ಅನ್ನುವ ಲೆಕ್ಕವೇ ಜಾಸ್ತಿ ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ವಾದ. ಒಪ್ಪದಿದ್ದರೆ ಜಗಳಕ್ಕೆ ಬನ್ನಿ.

ಹಳೆಯ ಸಿದ್ಧಾಂತಗಳನ್ನು ಬೇಗ ಮುಗಿಸೋಣ. ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲಿ ಹೇಳಿದ್ದು: ಇನ್ನೊಬ್ಬ ನಮಗಿಂತ ಕಡಿಮೆ ಅಂತ ಥಟ್ಟನೆ ಕಂಡಾಗ ನಗು ಬರುತ್ತದೆ. ಜರ್ಮನ್ ತತ್ವಜ್ಞಾನಿ ಕಾಂಟ್ 1790ರಲ್ಲಿ ಹೇಳಿದ್ದು: ಏನೋ ಆಗುತ್ತದೆ ಅಂತ ಕಾದು ಕೂತಾಗ ಏನೂ ಆಗದೆ ಠುಸ್ ಅಂದರೆ ನಗು. ಮನೋವಿಶ್ಲೇಷಕ ಫ್ರಾಯ್ಡ್ 1905ರಲ್ಲಿ, ಅದುಮಿಟ್ಟಿದ್ದು ಹೊರಬರುವ ದಾರಿ ನಗು ಅಂದ. ಈ ಮೂರರಲ್ಲಿ ರಾಜಕೀಯಕ್ಕೆ ಹೆಚ್ಚು ಹತ್ತಿರ ಹಾಬ್ಸ್‌ನದು. 1970ರ ದಶಕದಲ್ಲಿ ಸಂವಹನ ಸಂಶೋಧಕರಾದ ಡಾಲ್ಫ್ ಜಿಲ್‌ಮನ್ ಮತ್ತು ಜೋನ್ ಕ್ಯಾಂಟರ್ ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಏಟು ತಿಂದವನು ನಮಗಾಗದವನಾದರೆ ನಗು ಜೋರು. ನಮ್ಮವನಾದರೆ ಅದೇ ಜೋಕು ಸಪ್ಪೆ. ಇದನ್ನು ಕಲಿಯಲು ಪುಸ್ತಕ ಬೇಕಿಲ್ಲ, ಚುನಾವಣೆ ಹೊತ್ತಲ್ಲಿ ಬೆಣ್ಣೆದೋಸೆ ಹೋಟೆಲಿನ ಒಂದು ಟೇಬಲ್ ಸಾಕು.

ಈಗ ಮುಖ್ಯ ಭಾಗ. ಒಂದು ಜೋಕು ತಗೊಳ್ಳೋಣ. ಉದಾಹರಣೆಗೆ ಸುಮ್ನೆ ನಾನೇ ಕಟ್ಟಿದ್ದು: "ಅರ್ಧ ಗಂಟೆ ಮಳೆ, ಮನೆ ಮುಂದೆಯೇ ಈಜುಕೊಳ. ಬಿಟ್ಟಿ ಬೇರೆ! ಸ್ಮಾರ್ಟ್ ಸಿಟಿ ಅಂದ್ರೆ ಸುಮ್ನೇನಾ?" ದಾವಣಗೆರೆ 2016ರ ಜನವರಿಯಲ್ಲಿ ಬಂದ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲೇ ಇತ್ತು. ಯೋಜನೆ ಕೇಂದ್ರದ್ದು. ದುಡ್ಡಲ್ಲಿ ರಾಜ್ಯದ ಪಾಲೂ ಇತ್ತು. ಚರಂಡಿ ನೋಡಿಕೊಳ್ಳಬೇಕಾದ್ದು ಪಾಲಿಕೆ. ಈ ಮೆಸೇಜು ಒಂದು ವಾಟ್ಸಾಪ್ ಗುಂಪಿಗೆ ಬಿದ್ದರೆ ಏನಾಗುತ್ತದೆ? ಕಾಂಗ್ರೆಸ್ ಕಡೆಯವರಿಗೆ ಏಟು ದಿಲ್ಲಿಗೆ ಬಿದ್ದ ಹಾಗೆ ಕೇಳುತ್ತದೆ. ಬಿಜೆಪಿ ಕಡೆಯವರಿಗೆ ಬೆಂಗಳೂರಿಗೆ ಬಿದ್ದ ಹಾಗೆ. ಇಬ್ಬರೂ ಹಲ್ಲುಕಿರಿಯುವ ಇಮೋಜಿ ಹಾಕುತ್ತಾರೆ. ಇಬ್ಬರೂ ನಕ್ಕರು ಅಂತ ಇಬ್ಬರೂ ಒಂದೇ ಜೋಕಿಗೆ ನಕ್ಕ ಹಾಗಾಯಿತಾ? ಇಲ್ಲ, ಅಲ್ವಾ?

ಇದನ್ನೇ ಅಳೆದು ನೋಡಿದ ಒಂದು ಪ್ರಸಿದ್ಧ ಅಧ್ಯಯನ ಇದೆ. ಅಮೆರಿಕದ ಸಂಶೋಧಕಿ ಹೆದರ್ ಲಮಾರ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಸ್ಟೀಫನ್ ಕೋಲ್ಬೇರ್ 2005ರಿಂದ 2014ರವರೆಗೆ ಒಂದು ಟೀವಿ ಕಾರ್ಯಕ್ರಮ ನಡೆಸಿದ. ಅದರಲ್ಲಿ ಅವನದು ಅಬ್ಬರಿಸುವ ಬಲಪಂಥೀಯ ಆಂಕರ್‌ನ ವೇಷ. ಇಡೀ ಪಾತ್ರವೇ ವ್ಯಂಗ್ಯ. ಅದರ ತುಣುಕನ್ನು 332 ಜನರಿಗೆ ತೋರಿಸಿದರು. ಉದಾರವಾದಿಗಳಿಗೂ (ಅಲ್ಲಿನ ಎಡ) ಸಂಪ್ರದಾಯವಾದಿಗಳಿಗೂ (ಅಲ್ಲಿನ ಬಲ) ಅವನು ಹೆಚ್ಚುಕಡಿಮೆ ಒಂದೇ ಸಮ ತಮಾಷೆಯಾಗಿ ಕಂಡ. ಆದರೆ ಸಂಪ್ರದಾಯವಾದಿಗಳು ಹೆಚ್ಚಾಗಿ ತಿಳಿದುಕೊಂಡದ್ದೇ ಬೇರೆ. "ತಮಾಷೆ ಬರೀ ಮೇಲುಮೇಲಿನದು, ಒಳಗೆ ಅವನು ನಮ್ಮ ಮಾತನ್ನೇ ಆಡುತ್ತಿದ್ದಾನೆ" ಅನ್ನುವ ಹಾಗೆ. ಉದಾರವಾದಿಗಳಿಗೆ ಅದೇ ತುಣುಕು ಬಲಪಂಥದ ಮೇಲಿನ ಗೇಲಿ. ಹಿಂದೆ 1974ರಲ್ಲಿ ವಿಡ್ಮರ್ ಮತ್ತು ರೋಕೀಚ್ ಇಂಥದೇ ಒಂದನ್ನು ಕಂಡಿದ್ದರು. ಜನಾಂಗದ್ವೇಷಿಯೊಬ್ಬನನ್ನು ಗೇಲಿ ಮಾಡಲೆಂದೇ ಮಾಡಿದ ಟೀವಿ ಧಾರಾವಾಹಿ ಅದು. ಪೂರ್ವಗ್ರಹ ಇದ್ದ ನೋಡುಗರಿಗೆ ಆ ದ್ವೇಷಿಯೇ ಇಷ್ಟವಾಗಿಬಿಟ್ಟಿದ್ದ!

ಪರೀಕ್ಷೆಗೆ ಇದನ್ನು ಹೀಗೆ ನೆನಪಿಡಿ: ವ್ಯಂಗ್ಯ ಅಭಿಪ್ರಾಯ ಬದಲಿಸುವುದಕ್ಕಿಂತ, ಇರುವ ಅಭಿಪ್ರಾಯಕ್ಕೆ ಹೊಂದಿಕೊಳ್ಳುವುದೇ ಜಾಸ್ತಿ. "ಹಾಸ್ಯದಿಂದ ಸಮಾಜ ತಿದ್ದಬಹುದು" ಅಂತ ಪ್ರಬಂಧದಲ್ಲಿ ಕಣ್ಣುಮುಚ್ಚಿ ಬರೆಯುವ ಅಭ್ಯಾಸ ನಮಗೆಲ್ಲ ಇದೆ. ಮೇಷ್ಟ್ರಿಗೆ ಖುಷಿಯಾಗಬಹುದು, ಪುರಾವೆ ಮಾತ್ರ ಅಷ್ಟು ಸಲೀಸಾಗಿಲ್ಲ.

ಇನ್ನು, ಒಲವಿಗೆ ತಕ್ಕಂತೆ ಹಾಸ್ಯದ ರುಚಿಯೂ ಬೇರೆಯೇ? ವಿಲಿಬಾಲ್ಡ್ ರೂಖ್ ಅನ್ನುವ ಮನಃಶಾಸ್ತ್ರಜ್ಞ ಜೋಕುಗಳನ್ನು ವಿಂಗಡಿಸಿದ. ಕೊನೆಗೆ ಗಂಟು ಬಿಚ್ಚಿ "ಓ, ಹೀಗಾ!" ಅನ್ನಿಸುವವು ಒಂದು ಬಗೆ. ತಲೆಬುಡ ಇಲ್ಲದೆ ಹಾಗೇ ಬಿಟ್ಟುಬಿಡುವವು ಇನ್ನೊಂದು. ಸಂಪ್ರದಾಯವಾದಿ ಮನಸ್ಸಿನವರಿಗೆ ಮೊದಲನೆಯದು ಹೆಚ್ಚು ಹಿಡಿಸುತ್ತದೆ, ಎರಡನೆಯದು ಅಷ್ಟಾಗಿ ಹಿಡಿಸುವುದಿಲ್ಲ ಅಂತ ಅವನಿಗೆ ಸಿಕ್ಕಿತು. ಸಂವಹನ ವಿದ್ವಾಂಸೆ ಡ್ಯಾನಗಲ್ ಯಂಗ್ 2020ರ ತಮ್ಮ ಪುಸ್ತಕದಲ್ಲಿ ಇದೇ ದಾರಿಯಲ್ಲಿ ಹೋಗಿ, ಅಮೆರಿಕದ ಎಡದವರಿಗೆ ವ್ಯಂಗ್ಯ ಒಗ್ಗುತ್ತದೆ, ಬಲದವರಿಗೆ ಆಕ್ರೋಶದ ಮಾತು ಒಗ್ಗುತ್ತದೆ ಅಂತ ವಾದಿಸುತ್ತಾರೆ. ಅದಕ್ಕೆ ತಕ್ಕ ಹಾಗೆ, ಬಲಕ್ಕೆ ವಾಲಿದ ಚಾನೆಲ್ ಫಾಕ್ಸ್ ನ್ಯೂಸ್ 2007ರಲ್ಲಿ ಶುರು ಮಾಡಿದ ಹಾಸ್ಯ ಸುದ್ದಿ ಕಾರ್ಯಕ್ರಮ ಅದೇ ವರ್ಷ ಮುಚ್ಚಿಹೋಗಿತ್ತು. ಆದರೆ 2021ರಲ್ಲಿ ಅದೇ ಚಾನೆಲ್ಲಿನಲ್ಲಿ ಗ್ರೆಗ್ ಗಟ್‌ಫೆಲ್ಡ್‌ನ ರಾತ್ರಿ ಕಾರ್ಯಕ್ರಮ ಬಂತು, ಚೆನ್ನಾಗಿಯೇ ಓಡಿತು. ಹಾಗಾಗಿ ಯಂಗ್ ಅವರ ವಾದವನ್ನು ಬರೆಯಿರಿ, ಪಕ್ಕದಲ್ಲೇ ಗಟ್‌ಫೆಲ್ಡ್ ಹೆಸರನ್ನೂ ಬರೆಯಿರಿ.

ಭಾರತಕ್ಕೆ ಬಂದರೆ "ಹಾಸ್ಯ ಅಂದರೆ ಎಡ" ಅನ್ನುವುದು ಕೂಡಲೇ ಬಿದ್ದುಹೋಗುತ್ತದೆ. ಮುಂಬೈಯ ಫ್ರೀ ಪ್ರೆಸ್ ಜರ್ನಲ್‌ನಲ್ಲಿ ಒಂದು ಕಾಲಕ್ಕೆ ಇಬ್ಬರು ವ್ಯಂಗ್ಯಚಿತ್ರಕಾರರು ಜೊತೆಗೇ ಕೆಲಸ ಮಾಡುತ್ತಿದ್ದರು. ಒಬ್ಬರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಅವರು ಯಾವ ಪಕ್ಷಕ್ಕೂ ಸೇರದ ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನು ಬರೆದರು. ಇನ್ನೊಬ್ಬರು ಬಾಳ್ ಠಾಕ್ರೆ. 1960ರಲ್ಲಿ 'ಮಾರ್ಮಿಕ್' ವ್ಯಂಗ್ಯಚಿತ್ರ ವಾರಪತ್ರಿಕೆ ತೆಗೆದರು, 1966ರಲ್ಲಿ ಶಿವಸೇನೆ ಕಟ್ಟಿದರು. ಅದೇ ಕುಂಚ, ಅದೇ ಶಾಯಿ. ತಮಿಳಿನ ಚೋ ರಾಮಸ್ವಾಮಿ 1970ರಲ್ಲಿ 'ತುಘಲಕ್' ಪತ್ರಿಕೆ ಶುರು ಮಾಡಿದರು. ದ್ರಾವಿಡ ಪಕ್ಷಗಳನ್ನೂ ಇಂದಿರಾ ಗಾಂಧಿಯನ್ನೂ ಗೇಲಿ ಮಾಡಿದ ಅವರ ಒಲವು ಬಲಕ್ಕೆ. ನಮ್ಮಲ್ಲಿ 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆಯ ಕುಚೋದ್ಯ ಸಮಾಜವಾದದ ಕಡೆಯದು. ಇನ್ನು ಮುಖ್ಯಮಂತ್ರಿ ಚಂದ್ರು ಅವರನ್ನು ನೋಡಿ. ಜನತಾ ಪಕ್ಷದಿಂದ ಗೌರಿಬಿದನೂರಿನ ಶಾಸಕ, ಆಮೇಲೆ ಬಿಜೆಪಿ, ಕಾಂಗ್ರೆಸ್, 2022ರಲ್ಲಿ ಆಮ್ ಆದ್ಮಿ. ಹಾಸ್ಯಗಾರರದು ಒಂದೇ ಪಂಥ ಅನ್ನುವವರಿಗೆ ಇವರೊಬ್ಬರು ಸಾಕು.

ಕೋಪ ಬರುವುದರಲ್ಲೂ ಪಕ್ಷಭೇದ ಇಲ್ಲ. 2012ರಲ್ಲಿ ತೃಣಮೂಲ ಸರ್ಕಾರವಿದ್ದ ಪಶ್ಚಿಮ ಬಂಗಾಳದಲ್ಲಿ, ಮಮತಾ ಬ್ಯಾನರ್ಜಿ ಕುರಿತ ಕಾರ್ಟೂನನ್ನು ಇಮೇಲ್‌ನಲ್ಲಿ ಕಳಿಸಿದ್ದಕ್ಕೆ ಜಾದವ್‌ಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಬಂಧನವಾಯಿತು. ಅದೇ ವರ್ಷ ಕಾಂಗ್ರೆಸ್–ಎನ್‌ಸಿಪಿ ಸರ್ಕಾರವಿದ್ದ ಮಹಾರಾಷ್ಟ್ರದಲ್ಲಿ ರಾಜದ್ರೋಹದ ಕೇಸಿನಲ್ಲಿ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿಯ ಬಂಧನ. 2021ರ ಜನವರಿಯಲ್ಲಿ ಬಿಜೆಪಿ ಸರ್ಕಾರವಿದ್ದ ಮಧ್ಯಪ್ರದೇಶದ ಇಂದೋರಿನಲ್ಲಿ ಮುನವ್ವರ್ ಫಾರೂಕಿ ಜೈಲಿಗೆ. ಸುಪ್ರೀಂ ಕೋರ್ಟಿಂದ ಜಾಮೀನು ಸಿಕ್ಕಿದ್ದು ಫೆಬ್ರವರಿಯಲ್ಲಿ. ಮೂರು ರಾಜ್ಯ, ಮೂರು ಥರದ ಸರ್ಕಾರ. ಕುರ್ಚಿ ಸಿಕ್ಕಿತು ಅಂದರೆ ನಗು ಸಹಿಸುವ ಚರ್ಮ ತೆಳ್ಳಗಾಗುತ್ತದೆ.

ಮೇಲೆ–ಕೆಳಗೆ ಅಂದೆನಲ್ಲ, ಅದು ನಮ್ಮ ಬಯಲಾಟದಲ್ಲೇ ಇದೆ. ರಾಜ ಕಿರೀಟ, ಭುಜಕೀರ್ತಿ ಹೊತ್ತು ರಂಗಕ್ಕೆ ಧುಮುಕಿ ಅಬ್ಬರಿಸುತ್ತಾನೆ. ಆಟ ನಡೆಸಿಕೊಡುವ ಸಾರಥಿ ಆಡುಮಾತಿನಲ್ಲಿ "ತಾವು ಯಾರು? ಯಾವೂರು?" ಅಂತ ಕೇಳುತ್ತಾನೆ. ಮೂರು ಲೋಕ ಗೆದ್ದವನೂ ತನ್ನ ಹೆಸರು, ಊರು ಹೇಳಲೇಬೇಕು. ಜನ ನಗುವುದು ಅಲ್ಲಿ. ಬೀಚಿಯ ತಿಂಮನೂ ಇದೇ ಕುಲದವನು: ದಡ್ಡನ ಹಾಗೆ ಕೇಳಿ ದೊಡ್ಡವರ ಬಾಯಿ ಕಟ್ಟುತ್ತಾನೆ. (ಬೀಚಿ ಹರಪನಹಳ್ಳಿಯಲ್ಲಿ ಹುಟ್ಟಿದವರು. ಆ ತಾಲ್ಲೂಕು 1997ರಿಂದ 2018ರವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು. ಆದ್ದರಿಂದ ನಮ್ಮವರು ಅನ್ನಲು ಅಡ್ಡಿಯಿಲ್ಲ.)

ಎದುರಿಗೆ ಯಾರು ಕೂತಿದ್ದಾರೆ ಅನ್ನುವುದೂ ಜೋಕಿನ ಒಲವನ್ನು ತೀರ್ಮಾನಿಸುತ್ತದೆ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದು. ಕಂಪನಿ ನಾಟಕದ ಟೆಂಟಿಗೆ ಟಿಕೆಟ್ ಕೊಂಡು ಬರುವವರಲ್ಲಿ ಗಿರಣಿ ಕಾರ್ಮಿಕನೂ ಇದ್ದ, ಅಡಿಕೆ ಸಾಹುಕಾರನೂ ಇದ್ದ. ಇದು ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ಊರು. 1999ರಿಂದ 2019ರವರೆಗಿನ ಐದೂ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯನ್ನು ಗೆಲ್ಲಿಸಿದ, 2024ರಲ್ಲಿ ಕಾಂಗ್ರೆಸ್ಸಿಗೆ ತಿರುಗಿದ ಕ್ಷೇತ್ರವೂ ಇದೇ. ಇಂಥ ಊರಿನ ಟೆಂಟಿನಲ್ಲಿ ಒಂದೇ ಪಕ್ಷವನ್ನು ಕುಟ್ಟಿದರೆ ಅರ್ಧ ಕುರ್ಚಿ ಖಾಲಿ. ಹಾಗಾಗಿ ಹಾಸ್ಯ ನಟ ಎಲ್ಲರಿಗೂ ಒಂದೊಂದು ಬಿಡಬೇಕು. ಮೊಬೈಲಿನಲ್ಲಿ ಲೆಕ್ಕ ಉಲ್ಟಾ. ಒಪ್ಪುವವರ ಮುಂದಕ್ಕೇ ವಿಡಿಯೊ ಬರುತ್ತದೆ, ಒಂದೇ ಕಡೆ ಹೊಡೆದಷ್ಟೂ ಶೇರ್ ಜಾಸ್ತಿ. ಹಾಸ್ಯಗಾರ ಬದಲಾಗದಿದ್ದರೂ ಜೋಕು ವಾಲುತ್ತದೆ.

ನೀವೇ ಮಾಡಿ ನೋಡಬಹುದಾದ ಪರೀಕ್ಷೆ ಒಂದಿದೆ. ಒಂದು ರಾಜಕೀಯ ಜೋಕಿನಲ್ಲಿ ನಾಯಕರ ಹೆಸರು ತೆಗೆದು ಎದುರು ಪಕ್ಷದವರ ಹೆಸರು ಹಾಕಿ. ಆಗಲೂ ನಗು ಬಂದರೆ ಅದು ಅಧಿಕಾರದ ಮೇಲಿನ ಜೋಕು. ಬರದಿದ್ದರೆ ಒಂದು ಪಕ್ಷದ್ದು, ಇಲ್ಲವೇ ಆ ವ್ಯಕ್ತಿಯದು. ಆದರೆ ಈ ಪರೀಕ್ಷೆಗೆ ಸಿಗದ ಜೋಕುಗಳೂ ಇವೆ. ಮನೆಗೆಲಸದ ಹೆಂಗಸು, ತೊದಲುವವನು, ಹಳ್ಳಿ ಮಾತಿನವನು, ಜಾತಿ: ಇವರ ಮೇಲಿನ ಜೋಕಿನಲ್ಲಿ ಬದಲಿಸಲು ನಾಯಕರ ಹೆಸರೇ ಇರುವುದಿಲ್ಲ. ಎಲ್ಲ ಪಕ್ಷದವರೂ ಒಟ್ಟಿಗೆ ನಗುತ್ತಾರೆ. ಹಾಗಂತ ಅದನ್ನು ರಾಜಕೀಯವಲ್ಲದ ಹಾಸ್ಯದ ಪಟ್ಟಿಗೆ ಸೇರಿಸಬೇಡಿ. ಉತ್ತರಪತ್ರಿಕೆಯಲ್ಲಿ ಅದಕ್ಕೆ ಬೇರೆಯೇ ಒಂದು ಪ್ಯಾರಾ ಕೊಡಿ.