ಎಕ್ಸೆಲ್ ಮೇಲೆ ಸುಮ್ನೆ ತಪ್ಪು ಹೊರಿಸಬೇಡಿ

"ಎಕ್ಸೆಲ್ ಹೋಗೈತಂತೆ ಅಣ್ಣಾ, ಎರಡೂ ಕಡೆ ಹೊಸಾದು ಹಾಕ್ಬೇಕಂತೆ."

ಸಂಡೂರಿನಿಂದ ಬಳ್ಳಾರಿಗೆ, ನಮ್ಮ ಗ್ಯಾರೇಜಿಗೆ ಬಂದ ಹುಡುಗನ ಮಾತು ಇದು. ಎಕ್ಸೆಲ್ ಅಂದರೆ ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಎಳೆತ ಒಯ್ಯುವ ಸರಳು, ಎರಡೂ ತುದಿಯಲ್ಲಿ ಬಾಗುವ ಜಾಯಿಂಟ್ ಇರುತ್ತದೆ. ಹಳೆ ಹ್ಯಾಚ್‌ಬ್ಯಾಕ್, 80,000 ಕಿ.ಮೀ ದಾಟಿದೆ. ಯಾರ ಹತ್ತಿರವೋ ಸ್ಪ್ರಿಂಗ್ ಕಟ್ ಮಾಡಿಸಿ ಗಾಡಿಯ ಎತ್ತರ ಒಂದೂವರೆ ಇಂಚು ಇಳಿಸಿದ್ದ. ನೋಡೋಕೆ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಎರಡು, ಮೂರನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಗಾಡಿಯೆಲ್ಲ ನಡುಕ. ಕಾಲು ತೆಗೆದರೆ ಮಾಯ.

ಗಾಡಿ ಮೇಲೆತ್ತಿದೆವು. ಎಕ್ಸೆಲ್‌ಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಬಂಪ್ ಸ್ಟಾಪ್. ಶಾಕಪ್ (ಶಾಕ್ ಅಬ್ಸಾರ್ಬರ್) ರಾಡಿನ ಮೇಲಿದ್ದು, ಚಕ್ರ ತೀರಾ ಮೇಲೆದ್ದಾಗ ತಡೆಯುವ ಆ ರಬ್ಬರ್ ಪುಡಿಪುಡಿಯಾಗಿತ್ತು. ಶಾಕಪ್‌ನಿಂದ ಆಯಿಲ್ ಇಳಿಯುತ್ತಿತ್ತು. ಚಕ್ರ ಜೋತುಬಿದ್ದಾಗ ಸ್ಪ್ರಿಂಗನ್ನು ಕೈಯಲ್ಲೇ ತಿರುಗಿಸಬಹುದಿತ್ತು. ಅಂದರೆ ಚಕ್ರ ದೊಡ್ಡ ಗುಂಡಿಗೆ ಇಳಿದರೆ ಸ್ಪ್ರಿಂಗ್ ತನ್ನ ಸೀಟ್ ಬಿಟ್ಟು ಸರಿಯಬಹುದು.

ಕಾರು ಇಳಿಸಿದಾಗ ಚಕ್ರ ಮೇಲೇಳುವ ಜಾಗ ಹೋಗುತ್ತದೆ. ಕಥೆ ಶುರುವಾಗುವುದು ಇಲ್ಲೇ. ಬಂಪ್ ಸ್ಟಾಪ್ ಮುಟ್ಟುವ ಮೊದಲು 80 ಮಿ.ಮೀ ಜಾಗ ಇತ್ತು ಅಂತಿಟ್ಟುಕೊಳ್ಳಿ. 40 ಇಳಿಸಿದರೆ ಅರ್ಧ ಉಳಿಯಿತು. ಅರ್ಧ ಜಾಗದಲ್ಲಿ ಅದೇ ಹೊಡೆತ ನುಂಗಬೇಕಾದರೆ ಸ್ಪ್ರಿಂಗ್ 4 ಪಟ್ಟು ಗಟ್ಟಿ ಇರಬೇಕು. ಕೆಲಸ ಮಾಡುವ 5 ಸುತ್ತಿನಲ್ಲಿ 1 ಕತ್ತರಿಸಿದರೆ ಗಟ್ಟಿಯಾಗುವುದು ಬರೀ ಕಾಲುಭಾಗ. ಉಳಿದ ಹೊಡೆತವನ್ನೆಲ್ಲ ಬಂಪ್ ಸ್ಟಾಪ್, ಶಾಕಪ್ಪಿನ ಮೇಲಿನ ಮೌಂಟಿಂಗ್, ಬಾಲ್ ಜಾಯಿಂಟ್ ತಿನ್ನುತ್ತವೆ. ಅದಿರು ಲಾರಿ ಓಡಾಡಿ ಕಿತ್ತುಹೋದ ರಸ್ತೆಯಲ್ಲಿ ದಿನಾ ಓಡಿಸಿದರೆ ಅವು ಎಷ್ಟು ದಿನ ತಡೆಯುತ್ತವೆ ಹೇಳಿ.

ಇನ್ನು ಎಕ್ಸೆಲ್. ಇಳಿಸಿದರೆ ಎಕ್ಸೆಲ್ ಹಾಳಾಗುತ್ತದೆ ಅನ್ನುವುದು ಅರ್ಧ ಸತ್ಯ. ಮುಂದಿನ ಚಕ್ರ ಎಳೆಯುವ ಎಷ್ಟೋ ಕಾರುಗಳಲ್ಲಿ ಗೇರ್‌ಬಾಕ್ಸ್‌ನಿಂದ ಚಕ್ರದ ಕಡೆಗೆ ಎಕ್ಸೆಲ್ ಸ್ವಲ್ಪ ಕೆಳಗೆ ಇಳಿಜಾರಾಗಿರುತ್ತದೆ. ಅಂಥ ಗಾಡಿಯನ್ನು ಒಂದಿಷ್ಟು ಇಳಿಸಿದರೆ ಎಕ್ಸೆಲ್ ನೇರವಾಗುತ್ತದೆ, ಜಾಯಿಂಟಿಗೆ ಆರಾಮೇ. ಅತಿಯಾಗಿ ಇಳಿಸಿದಾಗ ಮಾತ್ರ ಕೋನ ಉಲ್ಟಾ ಹೊಡೆಯುತ್ತದೆ. ನಮ್ಮ ಕಡೆ ಹಂಪ್ ತಾಗುತ್ತದೆ ಅಂತ ಸ್ಪ್ರಿಂಗ್ ಮಧ್ಯೆ ರಬ್ಬರ್ ತುರುಕಿ ಎತ್ತರಿಸುತ್ತಾರಲ್ಲ, ಅದರಲ್ಲೂ ಕೋನ ಜಾಸ್ತಿಯಾಗುತ್ತದೆ. ಅದನ್ನು ಯಾರೂ ಕೇಳೋದೇ ಇಲ್ಲ!

ಹಾಗಾದರೆ ಹುಡುಗನ ಗಾಡಿ ನಡುಗಿದ್ದು ಯಾಕೆ? ಗೇರ್‌ಬಾಕ್ಸ್ ಕಡೆಯ, ಅಂದರೆ ಒಳಗಿನ ಜಾಯಿಂಟ್ ಬಿಚ್ಚಿದೆವು. ಅದರೊಳಗೆ ಮೂರು ರೋಲರ್ ಇರುತ್ತವೆ. ಚಕ್ರ ಮೇಲೆ ಕೆಳಗೆ ಆದ ಹಾಗೆ ಅವು ಕಪ್‌ನೊಳಗೆ ಹಿಂದೆ ಮುಂದೆ ಜಾರುತ್ತವೆ. 80,000 ಕಿ.ಮೀ ಒಂದೇ ಎತ್ತರದಲ್ಲಿ ಓಡಿದ ಕಾರಣ ಕಪ್‌ನಲ್ಲಿ ಹಳೆ ಜಾಗದಲ್ಲೇ ಸವೆದು ತಗ್ಗು ಬಿದ್ದಿತ್ತು. ಈಗ ಎತ್ತರ ಬದಲಾಗಿ ರೋಲರ್ ಆ ತಗ್ಗಿನ ಅಂಚಿನ ಮೇಲೆ ಓಡುತ್ತಿದ್ದವು. ಎಂಜಿನ್ ಎಳೆದಾಗ ಅಲ್ಲಿ ಭಾರ ಬೀಳುತ್ತದೆ, ನಡುಕ ಬರುತ್ತದೆ. ಚಕ್ರದ ಕಡೆಯ ಜಾಯಿಂಟ್ ಸವೆದರೆ ಲಕ್ಷಣವೇ ಬೇರೆ: ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟ ಕಟ ಸದ್ದು. ಇವನ ಗಾಡಿಯಲ್ಲಿ ಆ ಸದ್ದೇ ಇರಲಿಲ್ಲ. ಹಾಗಾಗಿ ಪೂರ್ತಿ ಎಕ್ಸೆಲ್ ಬೇಡ, ಒಳಗಿನ ಜಾಯಿಂಟ್ ಸಾಕು ಅಂದೆ.

ಒಂದು ಮಾತು. ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿದಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಅದಿರಿನ ಕೆಂಪು ಧೂಳು ಗ್ರೀಸಿಗೆ ಸೇರಿದರೆ ಅದು ವಾಲ್ವ್ ಉಜ್ಜುವ ಪೇಸ್ಟ್ ಇದ್ದ ಹಾಗೆ, ಜಾಯಿಂಟನ್ನು ಬೇಗ ತಿಂದುಹಾಕುತ್ತದೆ.

ಹಿಂದಿನ ಚಕ್ರ ಎಳೆಯುವ ಬೊಲೆರೊದಂಥ ಗಾಡಿಯಲ್ಲಿ ಲೆಕ್ಕ ಬೇರೆ. ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಕ್ರಾಸ್‌ಗಳ (ಬಾಗುವ ಜಾಯಿಂಟ್‌ಗಳ) ಕೋನ ಸಮ ಇರಬೇಕು. ಹಿಂದಿನ ಕಮಾನು ಪಟ್ಟಿಯ ಹತ್ತಿರ ಕೈಯಾಡಿಸಿ ಹಿಂದಿನ ಎಕ್ಸೆಲ್ ಹೌಸಿಂಗ್‌ನ ಮೂತಿ ಓರೆಯಾದರೆ ಶಾಫ್ಟ್ ನಡುಗುತ್ತದೆ, ಕ್ರಾಸ್ ಬೇಗ ಹೋಗುತ್ತದೆ.

ಎಷ್ಟೋ ಮೆಕ್ಯಾನಿಕ್‌ಗಳು ಮರೆಯುವುದು ಲೋವರ್ ಆರ್ಮ್ ಬುಷ್, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ ಬುಡದ ರಬ್ಬರ್. ಅದು ಸುತ್ತುವ ಬುಷ್ ಅಲ್ಲ. ರಬ್ಬರ್ ಒಳಗಿನ ಕೊಳವೆಗೂ ಹೊರಗಿನದಕ್ಕೂ ಅಂಟಿಕೊಂಡು ತಿರುಚುತ್ತದೆ. ಹಳೆ ಎತ್ತರದಲ್ಲಿ ಬೋಲ್ಟ್ ಬಿಗಿಯಾಗಿರುವಾಗಲೇ ಗಾಡಿ ಇಳಿಸಿದರೆ, ಕಾರು ಸುಮ್ನೆ ನಿಂತಿದ್ದಾಗಲೂ ಆ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಬಳ್ಳಾರಿ ಬಿಸಿಲು ಬೇರೆ. ಬೋಲ್ಟ್ ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿಟ್ಟು, ಆಮೇಲೆ ಬಿಗಿಯಬೇಕು. ಖರ್ಚಿಲ್ಲದ ಕೆಲಸ, ಆದರೂ ಮಾಡುವವರು ಕಡಿಮೆ.

ಟೈರ್ ಒಳ ಅಂಚು ಸವೆಯುವುದಕ್ಕೆ ಎಲ್ಲರೂ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಕಾರಣ ಅನ್ನುತ್ತಾರೆ. ಎತ್ತರದ ಜೊತೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವುದು) ಕೂಡ ಬದಲಾಗುತ್ತದೆ, ಜಾಸ್ತಿ ತಿನ್ನುವುದು ಅದೇ. ಇಳಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು.

ಇಳಿಸಲೇಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: 25-30 ಮಿ.ಮೀ ದಾಟಬೇಡಿ, ಅದಕ್ಕಂತಲೇ ಮಾಡಿದ ಸ್ಪ್ರಿಂಗ್ ಹಾಕಿ, ಜೊತೆಗೆ ಹೊಂದುವ ಶಾಕಪ್. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾರ್ಗಸೂಚಿಯಲ್ಲಿ ಹಂಪ್ 10 ಸೆಂ.ಮೀ ಎತ್ತರ, 3.7 ಮೀಟರ್ ಅಗಲ ಅಂತಿತ್ತು. ನಮ್ಮ ಓಣಿಗಳಲ್ಲಿ ಜನರೇ ಹಾಕಿಕೊಂಡ ಹಂಪ್‌ಗೆ ಯಾವ ಅಳತೆ? ನಾಲ್ಕು ಜನ ಕೂತಾಗ ಆಯಿಲ್ ಚೇಂಬರ್ ತಾಗಿದರೆ ಎಂಜಿನ್ನಿಗೇ ಕುತ್ತು.

ಹುಡುಗ ಬೇಜಾರಿನಲ್ಲೇ ಒಪ್ಪಿದ. ಕಂಪನಿ ಕೊಟ್ಟ ಮೂಲ ಎತ್ತರಕ್ಕೆ ವಾಪಸ್, ಹೊಸ ಶಾಕಪ್, ಒಳಗಿನ ಜಾಯಿಂಟ್. ಹೊಸ ಸ್ಪ್ರಿಂಗಿನ ಬೆಲೆ ಕೇಳಿ ಡಿಕ್ಕಿ ತೆಗೆದ. ಕತ್ತರಿಸಿದ ತುಂಡುಗಳನ್ನು ಹಾಳೆಯಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದ.

"ಅಣ್ಣಾ, ಇವನ್ನ ಮತ್ತೆ ವೆಲ್ಡಿಂಗ್ ಮಾಡಿಸಿದ್ರೆ ಆಗಲ್ವಾ?"

"ಆಗಲ್ಲ ತಮ್ಮಾ. ವೆಲ್ಡಿಂಗ್ ಬಿಸಿಗೆ ಸ್ಪ್ರಿಂಗಿನ ಹದ ಹೋಗ್ತದೆ. ಮೊದಲನೇ ಗುಂಡಿಗೇ ಮುರೀತದೆ."

ತುಂಡುಗಳನ್ನು ಮತ್ತೆ ಹಾಳೆಯಲ್ಲಿ ಸುತ್ತಿ ಡಿಕ್ಕಿಗೇ ಹಾಕಿಕೊಂಡ.