ಹಬ್ ಗೇರ್ ನನ್ನ ಸೈಕಲ್‌ಗೆ ಕೂರುತ್ತದೆಯೇ, ಘಾಟಿ ಹತ್ತಿಸುತ್ತದೆಯೇ?

ಪ್ರಶ್ನೆ: ಬೆಂಗಳೂರಿನಲ್ಲಿ ದಿನವೂ ಸೈಕಲ್‌ನಲ್ಲೇ ಕಚೇರಿಗೆ ಹೋಗಿಬರುತ್ತೇನೆ. ರಜೆಯಲ್ಲಿ ಸಾಮಾನು ಕಟ್ಟಿಕೊಂಡು ಮಲೆನಾಡಿನ ಕಡೆಗೆ ಹೋಗುವ ಆಸೆಯೂ ಇದೆ. ಮಳೆಗಾಲದ ಕೆಸರಿನಲ್ಲಿ ಈಗಿರುವ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗೇರ್ ಪದೇ ಪದೇ ಕೈಕೊಡುತ್ತಿದೆ. ಹಿಂದಿನ ಚಕ್ರದ ಹಬ್‌ನೊಳಗೇ ಗೇರ್ ಇರುವ ವ್ಯವಸ್ಥೆಯನ್ನು ಇದೇ ಸೈಕಲ್‌ಗೆ ಹಾಕಿಸಬಹುದೇ? ಏರಿಗೆ ಅದು ಸಾಕಾಗುತ್ತದೆಯೇ?

ಉತ್ತರ: ಬಹುಪಾಲು ಸೈಕಲ್‌ಗಳಿಗೆ ಹಾಕಿಸಬಹುದು. ಹಬ್ ಕೊಳ್ಳುವ ಮುನ್ನ ನೋಡಬೇಕಾದದ್ದು ಫ್ರೇಮಿನಲ್ಲಿ ಹಿಂದಿನ ಆಕ್ಸಲ್ ಕೂರುವ ಸೀಳನ್ನು, ಅಂದರೆ ಡ್ರಾಪ್‌ಔಟನ್ನು. ಯಾವ ಹಬ್ ಹಿಡಿಸುತ್ತದೆ, ಚೈನನ್ನು ಹೇಗೆ ಬಿಗಿಮಾಡಬೇಕು, ಏನೇನು ಹೆಚ್ಚುವರಿ ಸಾಮಾನು ಬೇಕು ಎಂಬುದೆಲ್ಲ ಅಲ್ಲಿಯೇ ನಿರ್ಧಾರವಾಗಿಬಿಡುತ್ತದೆ.

ಮೊದಲು ಹಬ್‌ನ ಒಳಗೆ ನಡೆಯುವುದನ್ನು ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1902ರಿಂದ ಹಬ್ ಗೇರ್ ತಯಾರಿಸಿದ ಸ್ಟರ್ಮಿ-ಆರ್ಚರ್‌ನ ಎಡಬ್ಲ್ಯೂ ಎಂಬ ಮೂರು ಗೇರಿನ ಹಬ್ಬನ್ನೇ ತೆಗೆದುಕೊಳ್ಳಿ. ಅದರ ಆಕ್ಸಲ್‌ಗೆ ಅಂಟಿಕೊಂಡು, ತಿರುಗದೆ ನಿಂತಿರುವ 20 ಹಲ್ಲಿನ ಗೇರ್ ಒಂದಿದೆ. ಅದರ ಸುತ್ತ ತಲಾ 20 ಹಲ್ಲಿನ ಪುಟ್ಟ ಗೇರ್‌ಗಳು ಒಂದು ಚೌಕಟ್ಟಿನಲ್ಲಿ ಸುತ್ತುತ್ತವೆ. ಅವೆಲ್ಲವನ್ನೂ ಹೊರಗಿನಿಂದ, ಒಳಮುಖವಾಗಿ 60 ಹಲ್ಲುಗಳಿರುವ ಬಳೆಯೊಂದು ಬಳಸಿದೆ. ಚೈನು ಬಳೆಯನ್ನು ತಿರುಗಿಸಿ, ಚೌಕಟ್ಟು ಚಕ್ರವನ್ನು ತಿರುಗಿಸಿದರೆ ವೇಗ 60/80, ಅಂದರೆ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ಅದೇ ಚೌಕಟ್ಟಿಗೆ ಚೈನಿನ ಬಲ ಹೋಗಿ ಬಳೆಯಿಂದ ಚಕ್ರ ತಿರುಗಿದರೆ ವೇಗ 80/60, ಅಂದರೆ ಒಂದೂಕಾಲಿಗಿಂತ ತುಸು ಹೆಚ್ಚಾಗುತ್ತದೆ. ಮಧ್ಯದ ಗೇರಿನಲ್ಲಿ ಚೈನಿನ ವೇಗವೇ ನೇರವಾಗಿ ಚಕ್ರಕ್ಕೆ ತಲುಪುತ್ತದೆ. ಎಂಟು, ಹನ್ನೊಂದು, ಹದಿನಾಲ್ಕು ಗೇರಿನ ಹಬ್‌ಗಳು ಇಂತಹ ಜೋಡಣೆಗಳನ್ನು ಒಂದರ ಪಕ್ಕ ಒಂದರಂತೆ ಕೂಡಿಸಿ ಮಾಡಿದವು. ಎಲ್ಲವೂ ಮುಚ್ಚಿದ ಡಬ್ಬಿಯೊಳಗೆ ಗ್ರೀಸ್ ಅಥವಾ ಎಣ್ಣೆಯಲ್ಲಿ ತಿರುಗುವುದರಿಂದ ಕೆಸರು ಅಷ್ಟು ಸುಲಭವಾಗಿ ಒಳಹೋಗದು.

ಈಗ ಸೀಳಿನ ವಿಚಾರ. ಹಬ್ ಗೇರಿನಲ್ಲಿ ಚೈನು ಮುಂದೆ ಒಂದು, ಹಿಂದೆ ಒಂದು ಹಲ್ಲುಚಕ್ರದ ಮೇಲೆ ಮಾತ್ರ ಓಡುತ್ತದೆ. ಸಡಿಲವಾದಾಗ ಎಳೆದು ಹಿಡಿಯಲು ಡಿರೇಲರ್‌ನ ತೋಳು ಇರುವುದಿಲ್ಲ. ಹಳೆಯ ಕಪ್ಪು ಸೈಕಲ್‌ಗಳಲ್ಲಿರುವಂತೆ ಸೀಳು ಅಡ್ಡಕ್ಕಿದ್ದರೆ ಚಕ್ರವನ್ನು ಹಿಂದಕ್ಕೆ ಎಳೆದು ನಟ್ ಬಿಗಿಮಾಡಿದರೆ ಮುಗಿಯಿತು. ಈಗಿನ ಹೆಚ್ಚಿನ ಡಿರೇಲರ್ ಸೈಕಲ್‌ಗಳಲ್ಲಿ ಸೀಳು ಲಂಬವಾಗಿರುವುದರಿಂದ ಚಕ್ರವನ್ನು ಹಿಂದೆ ಮುಂದೆ ಸರಿಸಲು ಬರುವುದಿಲ್ಲ. ಅಲ್ಲಿ ಚೈನ್ ಟೆನ್ಷನರ್ ಎಂಬ ಚಿಕ್ಕ ತೋಳನ್ನು ಬೇರೆಯಾಗಿ ಹಾಕಿಸಲೇಬೇಕಾಗುತ್ತದೆ. ಹಾಗೆ ಹಾಕಿಸುವುದಾದರೆ, ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ ಕೋಸ್ಟರ್ ಹಬ್ ಮಾತ್ರ ಬೇಡ. ಹಿಂದಕ್ಕೆ ತುಳಿದಾಗ ಚೈನಿನ ಕೆಳಭಾಗ ಬಿಗಿಯಾಗಿ ಟೆನ್ಷನರ್ ಬಗ್ಗಿಹೋಗುತ್ತದೆ, ಬ್ರೇಕೂ ಸಿಗುವುದಿಲ್ಲ. ಜೀವಕ್ಕೆ ಅಪಾಯವಾಗುವಂಥ ತಪ್ಪು ಇದು.

ಎರಡು ಡ್ರಾಪ್‌ಔಟ್‌ಗಳ ನಡುವಿನ ಅಗಲವನ್ನೂ ಅಳೆಯಿರಿ. ಶಿಮಾನೊ ಕಂಪನಿಯ ಎಂಟು ಗೇರಿನ ಹಬ್ಬಾದ ನೆಕ್ಸಸ್ 8ಕ್ಕೆ 132 ಮಿಲಿಮೀಟರ್, ಅದೇ ಕಂಪನಿಯ ಆಲ್ಫೀನ್ ಸರಣಿಗೆ 135 ಬೇಕು. ಎರಡು ಮೂರು ಮಿಲಿಮೀಟರ್ ವ್ಯತ್ಯಾಸವನ್ನು ನಟ್‌ಗಳೇ ಸರಿದೂಗಿಸುತ್ತವೆ. ಉಕ್ಕಿನ ಫ್ರೇಮನ್ನು ತಿಳಿದವರು ಇನ್ನೂ ಸ್ವಲ್ಪ ಅಗಲಿಸಿಕೊಡಬಲ್ಲರು. ಅಲ್ಯೂಮಿನಿಯಂ ಮತ್ತು ಕಾರ್ಬನ್ ಫ್ರೇಮ್‌ಗಳನ್ನು ಯಾರೂ ಬಗ್ಗಿಸಕೂಡದು. ನಿಮ್ಮ ಸೈಕಲ್‌ನಲ್ಲಿ ತೆರೆದ ಸೀಳಿನ ಬದಲು 12 ಮಿಲಿಮೀಟರಿನ ಥ್ರೂ ಆಕ್ಸಲ್ ತೂರುವ ರಂಧ್ರವಿದ್ದರೆ, ನಟ್ ಬಿಗಿಯುವ ಈ ಹಬ್‌ಗಳು ಅದಕ್ಕೆ ಹೊಂದುವುದಿಲ್ಲ.

ರಿಮ್ಮಿನ ರಂಧ್ರಗಳನ್ನು ಎಣಿಸುವುದನ್ನು ಬಹಳ ಜನ ಮರೆಯುತ್ತಾರೆ. ನಮ್ಮ ಹಳೆಯ ಮಾದರಿಯ ಸೈಕಲ್‌ಗಳ ಹಿಂದಿನ ರಿಮ್‌ನಲ್ಲಿ ಸಾಮಾನ್ಯವಾಗಿ 40 ಸ್ಪೋಕ್ ಇರುತ್ತವೆ, ನೆಕ್ಸಸ್ ಹಬ್‌ಗಳು ಹೆಚ್ಚಾಗಿ 36 ರಂಧ್ರದವು. ಹಬ್‌ನ ಗಾತ್ರ ದೊಡ್ಡದಾದ್ದರಿಂದ ಹಳೆಯ ಸ್ಪೋಕ್‌ಗಳ ಉದ್ದವೂ ಕೂಡುವುದಿಲ್ಲ. ಹೊಸ ರಿಮ್, ಲೆಕ್ಕ ಹಾಕಿ ತರಿಸಿದ ಹೊಸ ಸ್ಪೋಕ್, ಚಕ್ರ ಕಟ್ಟುವ ಕೆಲಸ ಬಲ್ಲವರ ಕೈ, ಈ ಮೂರಕ್ಕೂ ಸೇರಿಸಿಯೇ ಖರ್ಚಿನ ಅಂದಾಜು ಮಾಡಿ. ಸಾಧ್ಯವಾದರೆ ಕಟ್ಟಿ ಸಿದ್ಧವಾದ ಚಕ್ರವನ್ನೇ ಕೊಳ್ಳುವುದು ಲೇಸೆಂಬುದು ನನ್ನ ಅಭಿಪ್ರಾಯ.

ಜೋಡಿಸುವಾಗ ಹಬ್‌ನೊಂದಿಗೆ ಬರುವ, ಒಳಬದಿಗೆ ಮೊಳಕೆಯಂಥ ತುದಿಯಿರುವ ವಾಷರ್‌ಗಳನ್ನು ಬಿಡಲೇಬಾರದು. ನಡುವಿನ ಗೇರ್ ತಿರುಗದೆ ನಿಲ್ಲಬೇಕು ಎಂದೆನಲ್ಲ, ಅದನ್ನು ನಿಲ್ಲಿಸಿ ಹಿಡಿಯುವುದು ಆಕ್ಸಲ್. ಆಕ್ಸಲನ್ನು ತಿರುಗದಂತೆ ಹಿಡಿಯುವುದು ಸೀಳಿನೊಳಗೆ ಕೂರುವ ಆ ತುದಿ. ಸೀಳಿನ ಕೋನಕ್ಕೆ ತಕ್ಕಂತೆ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಬಣ್ಣದ ವಾಷರ್‌ಗಳಿರುತ್ತವೆ. ನಿಮ್ಮ ಫ್ರೇಮಿಗೆ ಸರಿಹೊಂದುವ ಜೋಡಿಯನ್ನೇ ಕೇಳಿ ತರಿಸಿ.

ಇನ್ನು ಏರಿನ ಪ್ರಶ್ನೆ. ಹಿಂದಿನ ಹಲ್ಲುಚಕ್ರ ಒಂದು ಸುತ್ತು ತಿರುಗಿದರೆ ಚಕ್ರ ನೆಕ್ಸಸ್ 8ರ ಮೊದಲ ಗೇರಿನಲ್ಲಿ 0.527 ಸುತ್ತು, ಎಂಟನೆಯದರಲ್ಲಿ 1.615 ಸುತ್ತು ತಿರುಗುತ್ತದೆ, ಅಂದರೆ ಕೊನೆಯ ಗೇರ್ ಮೊದಲನೆಯದರ ಮೂರು ಪಟ್ಟಿಗಿಂತ ತುಸು ಹೆಚ್ಚು. ಮುಂದೆ 38, ಹಿಂದೆ 19 ಹಲ್ಲು ಇಟ್ಟು, ಒಂದು ಸುತ್ತಿಗೆ ಸುಮಾರು 2.17 ಮೀಟರ್ ಸಾಗುವ 700 ಅಳತೆಯ ಚಕ್ರ ಹಾಕಿದರೆ, ಪೆಡಲಿನ ಒಂದು ಸುತ್ತಿಗೆ ಮೊದಲ ಗೇರಿನಲ್ಲಿ 2.3 ಮೀಟರ್, ಎಂಟನೆಯದರಲ್ಲಿ 7 ಮೀಟರ್ ಸಾಗುತ್ತೀರಿ. ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲ ಗೇರಿನಲ್ಲಿ ಗಂಟೆಗೆ ಸುಮಾರು 8 ಕಿಲೋಮೀಟರ್. ಬೆಂಗಳೂರಿನ ಯಾವ ಮೇಲ್ಸೇತುವೆಗೂ ಇಷ್ಟು ಧಾರಾಳವಾಗಿ ಸಾಕು. ಆದರೆ ಆಗುಂಬೆ ಘಾಟಿಯನ್ನು ಕರಾವಳಿಯ ಕಡೆಯಿಂದ, ಕ್ಯಾರಿಯರ್ ತುಂಬ ಸಾಮಾನಿನೊಡನೆ ಹತ್ತುವಾಗ ಅಷ್ಟು ವೇಗವನ್ನು ಎಲ್ಲರ ಕಾಲೂ ಕೊಡಲಾರದು. ಹಿಂದಿನ ಹಲ್ಲುಚಕ್ರವನ್ನು ಇನ್ನೂ ದೊಡ್ಡದು ಮಾಡಿದರೆ ಏರು ಹಗುರವಾಗುತ್ತದೆ ನಿಜ, ಆದರೆ ಅದಕ್ಕೆ ಮಿತಿಯಿದೆ: ಮುಂದಿನ ಹಲ್ಲು ಹಿಂದಿನದರ ಸುಮಾರು ಎರಡರಷ್ಟಿರಬೇಕೆಂದು ತಯಾರಕರು ಹೇಳುತ್ತಾರೆ. ಅದಕ್ಕಿಂತ ಬಹಳ ಇಳಿಸಿದರೆ ಕಾಲಿನ ಬಲ ಒಳಗಿನ ಪುಟ್ಟ ಹಲ್ಲುಗಳ ಮೇಲೆ ಮಿತಿಮೀರಿ ಬೀಳುತ್ತದೆ.

ಪ್ರವಾಸವೇ ಮುಖ್ಯವೆನ್ನುವವರು ಜರ್ಮನಿಯ ರೋಲಾಫ್ ಸ್ಪೀಡ್‌ಹಬ್‌ನತ್ತ ನೋಡುವುದು ಇದೇ ಕಾರಣಕ್ಕೆ. ಅದರ 14 ಗೇರ್‌ಗಳ ಒಟ್ಟು ಹರವು ಶೇಕಡಾ 526 (ಕೊನೆಯ ಗೇರ್ ಮೊದಲನೆಯದರ ಐದು ಪಟ್ಟಿಗೂ ಹೆಚ್ಚು), ಪ್ರತಿ ಹೆಜ್ಜೆಯ ಅಂತರವೂ ಒಂದೇ ಸಮ, ಶೇಕಡಾ 13.6. ಅದೇ ಚಕ್ರಕ್ಕೆ 38-16 ಹಲ್ಲು ಹಾಕಿದರೆ ಮೊದಲ ಗೇರ್ ಸುತ್ತಿಗೆ 1.44 ಮೀಟರ್‌ಗೆ ಇಳಿಯುತ್ತದೆ, ಗಂಟೆಗೆ ಐದು ಕಿಲೋಮೀಟರ್‌ನಲ್ಲೂ ಆರಾಮವಾಗಿ ತುಳಿಯಬಹುದು. ಬೆಲೆ ಮಾತ್ರ ಒಂದು ಒಳ್ಳೆಯ ಸೈಕಲ್‌ನದ್ದಕ್ಕೂ ಮೀರುತ್ತದೆ. ನೀವು ಬರೆದಿರುವ ಬಳಕೆಗೆ ನಾನು ಎಂಟು ಗೇರಿನ ಹಬ್ಬನ್ನೇ ಸೂಚಿಸುತ್ತೇನೆ. ಸಾಮಾನನ್ನು ಹಗುರ ಮಾಡಿಕೊಂಡು, ತೀರಾ ಕಡಿದಾದ ತಿರುವುಗಳಲ್ಲಿ ಇಳಿದು ತಳ್ಳಲು ಸಿದ್ಧರಿದ್ದರೆ ಸಾಕು.

ಕೊರತೆಗಳನ್ನೂ ತಿಳಿದಿರಬೇಕು. ಎಂಟು ಗೇರಿನ ಹಬ್‌ನ ತೂಕವೇ ಸುಮಾರು 2 ಕಿಲೋ, ಅದೆಲ್ಲ ಹಿಂದಿನ ಚಕ್ರದಲ್ಲಿಯೇ. ಚೆನ್ನಾಗಿ ಎಣ್ಣೆ ಹಾಕಿಟ್ಟ ಡಿರೇಲರ್‌ಗೆ ಹೋಲಿಸಿದರೆ ಕಾಲಿನ ಬಲದಲ್ಲಿ ಶೇಕಡಾ ಎರಡರಷ್ಟು ಹೆಚ್ಚು ನಷ್ಟವೂ ಆಗಬಹುದು. ಆದರೆ ಕೆಸರು ಮೆತ್ತಿದ ಡಿರೇಲರ್‌ಗೆ ಹೋಲಿಸಿದರೆ ಈ ಅಂತರ ಉಳಿಯುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಲ್ಲಿಯೇ ಮೊದಲ ಗೇರಿಗೆ ಇಳಿಸಿಕೊಳ್ಳಬಹುದೆಂಬ ಒಂದೇ ಸೌಲಭ್ಯ, ನಗರದಲ್ಲಿ ಓಡಾಡುವವರಿಗೆ ಈ ನಷ್ಟವನ್ನು ಮರೆಸುತ್ತದೆ. ಓಡುವಾಗ ಗೇರ್ ಬದಲಿಸುವುದಾದರೆ ತುಳಿತವನ್ನು ಕ್ಷಣಕಾಲ ಹಗುರ ಮಾಡಿ. ಸೈಕಲ್ ತೊಳೆಯುವಾಗ ಹಬ್‌ನ ಬದಿಗೆ ಜೋರಾಗಿ ನೀರು ಹೊಡೆಯಬೇಡಿ.

ಗೇರ್ ಜಾರುತ್ತಿದೆ, ಕಟಕಟ ಎನ್ನುತ್ತಿದೆ ಎಂಬ ದೂರುಗಳಲ್ಲಿ ಬಹುಪಾಲು ಕೇಬಲ್ಲಿನದ್ದು. ನೆಕ್ಸಸ್ 8ರಲ್ಲಿ ಶಿಫ್ಟರನ್ನು 4ಕ್ಕೆ ತಂದು, ಹಬ್‌ನ ಬಲಬದಿಯಲ್ಲಿ ಕಾಣುವ ಎರಡು ಹಳದಿ ಗೆರೆಗಳು ಒಂದಕ್ಕೊಂದು ನೇರವಾಗುವವರೆಗೆ ಹ್ಯಾಂಡಲ್ ಬಳಿಯ ಅಡ್ಜಸ್ಟರನ್ನು ತಿರುಗಿಸಿದರೆ ಸರಿಹೋಗುತ್ತದೆ.

ದಾರಿಯಲ್ಲಿ ಪಂಚರ್ ಆದರೆ ಚಕ್ರ ಬಿಚ್ಚಲು ಕೇಬಲ್ ಕಳಚಿ ನಟ್ ಸಡಿಲಿಸಬೇಕಾದ್ದರಿಂದ 15 ಮಿಲಿಮೀಟರ್ ಸ್ಪ್ಯಾನರ್ ಚೀಲದಲ್ಲಿರಲಿ. ನಮ್ಮ ಪಂಚರ್ ಅಂಗಡಿಯವರು ಮಾಡುವಂತೆ, ಚಕ್ರ ಬಿಚ್ಚದೆ ಟ್ಯೂಬನ್ನು ಒಂದು ಬದಿಯಿಂದ ಹೊರಗೆಳೆದು ತೇಪೆ ಹಾಕುವುದನ್ನು ಕಲಿತರೆ ಆ ಸ್ಪ್ಯಾನರ್ ಹೊರತೆಗೆಯುವ ಸಂದರ್ಭವೇ ಅಪರೂಪ. ಹಳ್ಳಿಪಟ್ಟಣಗಳ ಅಂಗಡಿಗಳಲ್ಲಿ ಈ ಹಬ್‌ನ ಬಿಡಿಭಾಗ ಸಿಗುವ ಭರವಸೆಯಿಲ್ಲವಾದ್ದರಿಂದ ಒಂದು ಗೇರ್ ಕೇಬಲ್ಲನ್ನೂ ಜೊತೆಗೊಯ್ಯಿರಿ. ನೆಕ್ಸಸ್ 8ರಲ್ಲಿ ಕೇಬಲ್ಲಿನ ತುದಿಯ ಬೋಲ್ಟು, ಹೊರಕವಚ ಮುಗಿಯುವ ಜಾಗದಿಂದ 101 ಮಿಲಿಮೀಟರ್ ದೂರದಲ್ಲಿರಬೇಕು. ಈ ಅಳತೆಯನ್ನು ಹೊರಡುವ ಮುನ್ನ ಒಂದು ಚೀಟಿಯಲ್ಲಿ ಬರೆದು ಕೇಬಲ್ಲಿನೊಂದಿಗೆ ಸುತ್ತಿಡಿ.