ನೆನಪಿದೆಯಾ ಅಂತ ಕೇಳಬೇಡಿ, ಕೈಗೊಂದು ಎಲೆ ಕೊಡಿ

ಎಲೆ ಉದುರುವ ಕಾಲ ಬಂದರೆ ನನ್ನ ಬೆಳಗು ಬುಟ್ಟಿಯಿಂದ ಶುರುವಾಗುತ್ತದೆ. ಹಿರಿಯರ ನಿವಾಸವೊಂದರಲ್ಲಿ ಅಲ್ಲಿನವರ ಚಟುವಟಿಕೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಂಗಳಕ್ಕೆ ಹೋಗಿ ಹಳದಿ ಎಲೆ, ಕೆಂಪು ಎಲೆ, ಒಣಗಿದ ಕಾಯಿ, ಸಣ್ಣ ಕಡ್ಡಿ, ಏನು ಸಿಕ್ಕಿದರೂ ಆರಿಸಿಕೊಂಡು ಒಳಗೆ ಬರುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೆ ಮಾಡುತ್ತಿರಲಿಲ್ಲ. ಎಲ್ಲರನ್ನೂ ಸುತ್ತ ಕೂರಿಸಿ, "ಚಿಕ್ಕವರಿದ್ದಾಗ ಈ ಕಾಲದಲ್ಲಿ ಏನು ಮಾಡ್ತಿದ್ರಿ, ನೆನಪಿದೆಯಾ?" ಎಂದು ಕೇಳುತ್ತಿದ್ದೆ. ಒಂದಿಬ್ಬರು ಹೇಳುತ್ತಿದ್ದರು. ಉಳಿದವರು ತಲೆ ತಗ್ಗಿಸುತ್ತಿದ್ದರು. ಮರೆವಿನ ಕಾಯಿಲೆ ಇರುವವರಿಗೆ ಅದು ಪ್ರಶ್ನೆಯಲ್ಲ, ಪರೀಕ್ಷೆ. ಉತ್ತರ ಹೊಳೆಯದಿದ್ದರೆ ನಾಲ್ಕು ಜನರ ಮುಂದೆ ಸೋತ ಹಾಗೆ. ನಿವೃತ್ತ ಮೇಷ್ಟ್ರೊಬ್ಬರು ಒಂದು ದಿನ ಮಾತಾಡದೆ ಎದ್ದು ಹೋಗಿಬಿಟ್ಟರು.

ಮರುದಿನ ಅವರ ಪಕ್ಕ ಕೂತು ಒಂದು ಎಲೆ ಕೊಟ್ಟೆ. ಏನೂ ಕೇಳಲಿಲ್ಲ. ತೊಟ್ಟು ಹಿಡಿದು ಎಲೆಯನ್ನು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಮೇಜಿನ ಮೇಲಿದ್ದ ದಪ್ಪ ಪುಸ್ತಕ ತೆರೆದು, ಹಾಳೆಗಳ ನಡುವೆ ಇಟ್ಟು, ಅಂಗೈಯಿಂದ ಒತ್ತಿದರು. "ಒಂದು ವಾರ ತೆಗೀಬಾರದು" ಎಂದರು. ಎಷ್ಟು ವರ್ಷ ಎಷ್ಟು ಮಕ್ಕಳಿಗೆ ಹಾಗೆ ಹೇಳಿದ್ದರೋ! ಆ ದನಿಯೇ ಬೇರೆ ಇತ್ತು.

ಇದರಲ್ಲಿ ಪವಾಡವೇನಿಲ್ಲ. ನೆನಪು ಎಲ್ಲಾ ಒಂದೇ ಬಗೆಯದಲ್ಲ. ಆಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಹೊಸ ಸಂಗತಿಗಳ ನೆನಪಿಗೆ. ಕೈಗೆ ರೂಢಿಯಾದ ಕೆಲಸಗಳು ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತವೆ. ಬೆಳಿಗ್ಗೆ ಏನು ತಿಂದೆ ಎಂದು ಹೇಳಲಾಗದವರು ಉಣ್ಣೆ ದಾರವನ್ನು ಸೊಗಸಾಗಿ ಉಂಡೆ ಸುತ್ತುತ್ತಾರೆ. ಇನ್ನೊಂದು ವಿಷಯವೂ ಇದೆ. ವಯಸ್ಸಾದವರು ತಾವಾಗಿ ನೆನೆಸಿಕೊಳ್ಳುವ ಘಟನೆಗಳಲ್ಲಿ ಅವರಿಗೆ 10ರಿಂದ 30 ವರ್ಷ ವಯಸ್ಸಿದ್ದಾಗ ನಡೆದವೇ ಜಾಸ್ತಿ. ಹೈಸ್ಕೂಲು, ಮೊದಲ ಕೆಲಸ, ಮದುವೆ ಎಲ್ಲಾ ಅಲ್ಲೇ ಇವೆ, ಅಲ್ವಾ?

ಮೂಗಿನ ದಾರಿ ಇನ್ನೂ ಹತ್ತಿರದ್ದು. ಕಂಡದ್ದು, ಕೇಳಿದ್ದು ಮೆದುಳಿನ ಥಾಲಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತವೆ. ವಾಸನೆ ಹಾಗಲ್ಲ, ಭಾವನೆ ಮತ್ತು ನೆನಪನ್ನು ನೋಡಿಕೊಳ್ಳುವ ಭಾಗಗಳಿಗೆ ನೇರವಾಗಿ ಮುಟ್ಟುತ್ತದೆ. ಆದರೆ ವಯಸ್ಸಾದಂತೆ ವಾಸನೆ ತಿಳಿಯುವ ಶಕ್ತಿಯೂ ಕುಂದುತ್ತದೆ. ಅದಕ್ಕೇ ಎಲೆಯನ್ನು ಸುಮ್ನೆ ತೋರಿಸಿದರೆ ಸಾಲದು. ಕೈಯಲ್ಲಿ ಉಜ್ಜಿ ಹತ್ತಿರ ಹಿಡಿಯಬೇಕು. ಏನೂ ತಿಳಿಯಲಿಲ್ಲ ಎಂದರೆ ಅಲ್ಲಿಗೇ ಬಿಡಬೇಕು.

ಈ ಕಾಲದ ಬಣ್ಣಗಳ ಮೇಲೆ ನನಗೆ ವಿಶೇಷ ಪ್ರೀತಿ. ದಿನ ಚಿಕ್ಕದಾದಾಗ ಎಲೆಯ ಹಸಿರು ಕರಗುತ್ತದೆ. ಹಳದಿ ಮೊದಲೇ ಒಳಗಿತ್ತು, ಈಗ ಕಾಣಿಸುತ್ತದೆ. ಕೆಲವು ಮರಗಳು ಕೆಂಪನ್ನು ಹೊಸದಾಗಿ ತಯಾರಿಸುತ್ತವೆ. ಇತ್ತ ವಯಸ್ಸಾದಂತೆ ಕಣ್ಣಿನ ಮಸೂರವೂ ಹಳದಿಗೆ ತಿರುಗುತ್ತದೆ. ನೀಲಿ ಮಸುಕಾಗುತ್ತದೆ, ನೀಲಿಗೂ ಹಸಿರಿಗೂ ವ್ಯತ್ಯಾಸ ತಿಳಿಯುವುದು ಕಷ್ಟವಾಗುತ್ತದೆ. ಕೆಂಪು, ಕಿತ್ತಳೆ ಬಣ್ಣಗಳು ಎದ್ದು ಕಾಣುತ್ತವೆ. ಮರಗಳು ನಮ್ಮ ಅಜ್ಜ ಅಜ್ಜಿಯರಿಗಾಗಿಯೇ ಬಣ್ಣ ಬದಲಿಸುತ್ತವೇನೋ ಅನ್ನಿಸುತ್ತದೆ ನನಗೆ. ಬಿಳಿ ಬಟ್ಟೆಯ ಮೇಲೆ, ಕಿಟಕಿಯ ಹತ್ತಿರ ಎಲೆಗಳನ್ನು ಹರಡಿದರೆ ಇನ್ನೂ ಚೆನ್ನಾಗಿ ಕಾಣುತ್ತವೆ.

ಒಮ್ಮೆ ಒಬ್ಬ ಅಜ್ಜಿ ಒಣ ಎಲೆ ಹಿಡಿದು ಅಳತೊಡಗಿದರು. ತೀರಿಹೋದ ತಮ್ಮನ ಜೊತೆ ಎಲೆಗಳ ರಾಶಿಗೆ ಹಾರುತ್ತಿದ್ದದ್ದು ನೆನಪಾಗಿತ್ತು. ಹೊಸದಾಗಿ ಬಂದಿದ್ದ ಸಹಾಯಕಿ ಗಾಬರಿಯಾಗಿ ಟಿವಿ ಹಾಕಲು ಎದ್ದಳು. ನಾನು ತಡೆದೆ. ಅಜ್ಜಿಯ ಕೈ ಹಿಡಿದು, "ತಮ್ಮ ಹೇಗಿದ್ದ ಅಜ್ಜಿ?" ಎಂದೆ. ಅರ್ಧ ಗಂಟೆ ಮಾತಾಡಿದರು, ನಡುವೆ ಎರಡು ಸಲ ನಕ್ಕರು. ಅಳು ಬಂದರೆ ಚಟುವಟಿಕೆ ಕೆಟ್ಟಿತು ಎಂದುಕೊಳ್ಳುವವರು ತುಂಬ ಜನ. ನಾನು ಒಪ್ಪುವುದಿಲ್ಲ. ಹಿಂದೆಲ್ಲ ವಯಸ್ಸಾದವರು ಹಳೆಯದನ್ನೇ ಮಾತಾಡಿದರೆ ಬುದ್ಧಿ ಮಂಕಾಯಿತು ಎನ್ನುತ್ತಿದ್ದರು. ಬದುಕನ್ನು ತಿರುಗಿ ನೋಡುವುದು ಮುಪ್ಪಿನ ಸಹಜ ಕೆಲಸ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಬರೆದರು. ಆದರೆ ಎರಡು ವಾರವಾದರೂ ದುಃಖ ಇಳಿಯದೆ, ಊಟ ನಿದ್ದೆ ಕೆಟ್ಟರೆ ಅದು ಬೇರೆ ವಿಷಯ. ಆಗ ವೈದ್ಯರಿಗೆ ತೋರಿಸಲೇಬೇಕು.

ಸಂಜೆಯ ಹೊತ್ತನ್ನು ಮಾತ್ರ ಹುಷಾರಾಗಿ ನೋಡಿಕೊಳ್ಳಿ. ಬೇಗ ಕತ್ತಲಾಗುವ ಈ ತಿಂಗಳುಗಳಲ್ಲಿ ಮರೆವಿನ ಕಾಯಿಲೆಯವರಿಗೆ ಸಂಜೆಯ ಚಡಪಡಿಕೆ ಹೆಚ್ಚಾಗಬಹುದು. "ಮನೆಗೆ ಹೋಗ್ಬೇಕು" ಎಂದು ಬಾಗಿಲ ಹತ್ತಿರ ನಿಲ್ಲುತ್ತಾರೆ. ಕತ್ತಲಾದ ಮೇಲಲ್ಲ, ಕತ್ತಲಾಗುವ ಮೊದಲೇ ದೀಪ ಹಾಕಿ, ಪರದೆ ಎಳೆಯಿರಿ. ಬುಟ್ಟಿಯ ಕೆಲಸವೆಲ್ಲ ಬೆಳಿಗ್ಗೆಯೇ ಮುಗಿಯಲಿ. ಬೆಳಗಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ಕೂತವರಿಗೆ ರಾತ್ರಿ ನಿದ್ದೆಯೂ ಸುಲಭ.

ಹೊರಗೆ ಕರೆದುಕೊಂಡು ಹೋಗುವ ಮುಂಚೆ ದಾರಿಯ ಎಲೆಗಳನ್ನು ಗುಡಿಸಿ. ಒದ್ದೆ ಎಲೆ ಕಾಲಡಿ ಜಾರುತ್ತದೆ, ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ವಯಸ್ಸಾದ ಮೈಗೆ ಚಳಿ ಆದದ್ದು ಬೇಗ ಗೊತ್ತಾಗುವುದಿಲ್ಲ. "ಚಳಿ ಆಗ್ತಿದೆಯಾ?" ಎಂದು ಕೇಳಿ ಸುಮ್ಮನಾಗದೆ ಕೈ ಮುಟ್ಟಿ ನೋಡಿ. ಒಣ ಬೀಜ ಬಿಡಿಸುವಾಗ ಪಕ್ಕದಲ್ಲಿ ಒಬ್ಬರು ಇರಲಿ. ಕೆಲವರು ಬಾಯಿಗೆ ಹಾಕಿಕೊಳ್ಳುತ್ತಾರೆ.

ಮನೆಯವರು ನೋಡಲು ಬರುವಾಗ ಏನು ತರಬೇಕು ಎಂದು ಕೇಳುತ್ತಾರೆ. ಬೀರುವಿನ ತಳದಲ್ಲಿ ಅವರ ಹಳೆಯ ಸ್ವೆಟರ್ ಇದ್ದರೆ ತನ್ನಿ ಎನ್ನುತ್ತೇನೆ. ಒಗೆಯಬೇಡಿ, ಹಾಗೇ ತನ್ನಿ. ಮಡಿಲಲ್ಲಿಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಮಾತು ಅವರಿಂದ ಶುರುವಾಗಲಿ.